ಕಾಗೆಕಾಲಿನ ಕಲ್ಲು

ನಮ್ಮ ದೊಡ್ಡವ್ವನ ಮೂಗಿನ ಬಲಹೊಳ್ಳೆಯ ತೂತು ಜಗ್ಗಿ ಉದ್ದವಾಗಿತ್ತು. ವಜ್ರದ ಭಾರಕ್ಕೆ ಹಾಗಾಯಿತು ಎಂದು ನೋಡಿದವರು ತಿಳಿಯುತ್ತಿದ್ದರು. ಅಷ್ಟು ಭಾರದ ವಜ್ರವೇನಲ್ಲ ಅದು. ಸಾಸಿವೆಗಿಂತ ದೊಡ್ಡದು, ಮೆಣಸಿಗಿಂತ ಚಿಕ್ಕದು. ತೂತನ್ನು ಹಾಳು ಮಾಡಿದ್ದು ಅವಳ ಕೈ. ಬಸ್ಸಿಗೆ ಕಾಯುವಾಗ, ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ಯೋಚಿಸುವಾಗ, ಯಾರ ಮೇಲಾದರೂ ಸಿಟ್ಟು ಬಂದಾಗ ಅವಳ ಬೆರಳು ಮೂಗುಬೊಟ್ಟಿಗೆ ಹೋಗಿ ಅದನ್ನು ಗಿರಗಿರ ತಿರುಗಿಸುತ್ತಿತ್ತು. ಕಲ್ಲು ಮಿಣಮಿಣ ಎಂದರೆ ನಾವು ಮಕ್ಕಳು ಹಿತ್ತಲಿಗೆ ಓಡುತ್ತಿದ್ದೆವು.

ಅವಳು ನಮ್ಮವ್ವನ ಅಕ್ಕ. ಮಾಗಡಿ ಹತ್ತಿರದ ಕಲ್ಯಕ್ಕೆ ಕೊಟ್ಟಿದ್ದರು. ಹೊಲ, ಎರಡು ಗಂಡುಮಕ್ಕಳು, ಮಾತು ಕಡಿಮೆಯ ದೊಡ್ಡಪ್ಪ, ಎಲ್ಲ ಇತ್ತು. ಒಂದು ಕಡೆ ಕೂರುವ ಗುಣ ಮಾತ್ರ ಇರಲಿಲ್ಲ. "ಕೂತ್ರೆ ಮೈ ಕಚ್ತದೆ ಕಣಮ್ಮಿ" ಎನ್ನುತ್ತಿದ್ದಳು. ಬೆಳಿಗ್ಗೆ ಕಲ್ಯದಲ್ಲಿ ಮುದ್ದೆ ತೊಳಸಿಟ್ಟವಳು ಮಧ್ಯಾಹ್ನಕ್ಕೆ ದೊಡ್ಡಮಳೂರಿನ ನಮ್ಮ ಮನೆಯ ಜಗಲಿಯಲ್ಲಿ ಬ್ಯಾಗು ಇಳಿಸುತ್ತಿದ್ದಳು. ಬಂದ ಕೆಲಸ ಏನು ಎಂದು ಕೇಳಿದರೆ ಅವಳಿಗೇ ಗೊತ್ತಿರುತ್ತಿರಲಿಲ್ಲ. ಸುತ್ತಿನಲ್ಲಿ ಯಾರ ಮನೆಯ ಮದುವೆಯಾದರೂ ಅರಿಶಿನ ಕುಟ್ಟುವ ಶಾಸ್ತ್ರಕ್ಕೆ ಮೊದಲ ಒನಕೆ ಹಿಡಿಯಲು ಅವಳೇ ಬೇಕಿತ್ತು. ಅವಳು ಕೈಯಿಟ್ಟರೆ ಒಳ್ಳೆಯದಾಗುತ್ತದೆ ಎಂಬ ಮಾತಿತ್ತು. ಆ ಮಾತು ಅವಳಿಗೆ ಬಲು ಪ್ರೀತಿ.

ಮೂಗುಬೊಟ್ಟು ನಮ್ಮ ಅಜ್ಜಿಯದು. ಒಂದು ವರ್ಷ ರಾಮನಗರದ ಮಾರುಕಟ್ಟೆಯಲ್ಲಿ ರೇಷ್ಮೆಗೂಡಿಗೆ ಒಳ್ಳೆ ಬೆಲೆ ಸಿಕ್ಕಿ, ತಾತ ಆ ಖುಷಿಯಲ್ಲಿ ತಂದದ್ದು. ವಜ್ರ ಎಲ್ಲರಿಗೂ ಆಗಿಬರುವುದಿಲ್ಲ, ದಿಂಬಿನ ಕೆಳಗಿಟ್ಟು ಮಲಗಿ ನೋಡಿ, ಕೆಟ್ಟ ಕನಸು ಬಿದ್ದರೆ ವಾಪಸ್ ಕೊಡಿ ಎಂದು ಅಂಗಡಿಯವನು ಹೇಳಿದ್ದನಂತೆ. ಕಲ್ಲಿನೊಳಗೆ ಕಾಗೆಯ ಕಾಲಿನ ಹಾಗೆ ಗೆರೆ ಇದ್ದರಂತೂ ಮನೆಗೇ ಕೇಡು, ಇದರಲ್ಲಿ ಅದಿಲ್ಲ ಎಂದು ಬೆಳಕಿಗೆ ಹಿಡಿದು ತೋರಿಸಿದ್ದನಂತೆ. ಈ ಕತೆ ಹೇಳುವಾಗಲೆಲ್ಲ ದೊಡ್ಡವ್ವ ನಗುತ್ತಿದ್ದಳು. "ತಲೆ ಕೆಳಗೆ ಕಲ್ಲಿಟ್ಕಂಡ್ ಮಲಗಿದ್ರೆ ಕೆಟ್ಟ ಕನಸು ಬೀಳ್ದೆ ಇನ್ನೇನ್ ಬಿದ್ದಾತು? ಒತ್ತಕಿಲ್ವಾ?"

ದೊಡ್ಡ ದೊಡ್ಡ ವಜ್ರಗಳ ಕತೆ ನಾನು ಮೊದಲು ಕೇಳಿದ್ದು ಅವಳ ಬಾಯಲ್ಲೇ. ಬೇಸಿಗೆ ರಜೆಗೆ ಕಲ್ಯಕ್ಕೆ ಹೋದಾಗ, ಭಾನುವಾರದ ಪೇಪರಿನಲ್ಲಿ ಓದಿದ್ದನ್ನು ರಾಗಿ ಹಸನು ಮಾಡುತ್ತಾ ಹೇಳುತ್ತಿದ್ದಳು. ಕೋಹಿನೂರು ಹೊತ್ತುಕೊಂಡು ಹೋದ ಪರ್ಶಿಯಾದ ರಾಜನನ್ನು ಅವನ ಕಾವಲಿನವರೇ ಕಡಿದರು. ಅವನ ಮೊಮ್ಮಗನ ಕಣ್ಣು ಕೀಳಿಸಿ, ಕಲ್ಲು ಎಲ್ಲಿಟ್ಟಿದ್ದೀಯ ಎಂದು ತಲೆಯ ಮೇಲೆ ಕಾದ ಸೀಸ ಹುಯ್ದರು. ನೀಲಿ ವಜ್ರವೊಂದು ಫ್ರಾನ್ಸಿಗೆ ಹೋಗಿ ರಾಣಿಯ ತಲೆ ತೆಗೆಸಿತು. ಅಮೆರಿಕದ ಶ್ರೀಮಂತ ಹೆಂಗಸೊಬ್ಬಳ ಮಗುವನ್ನು ನುಂಗಿತು. ಕೊನೆಗೆ ಅದನ್ನು ಮ್ಯೂಸಿಯಮ್ಮಿಗೆ ತಲುಪಿಸಿದ ಅಂಚೆಯವನ ಕಾಲಿನ ಮೇಲೂ ಲಾರಿ ಹರಿಯಿತಂತೆ. ಅಂಚೆಯವನ ಸಂಗತಿ ಬಂದಾಗ ದೊಡ್ಡವ್ವನಿಗೆ ತಡೆಯಲಾಗುತ್ತಿರಲಿಲ್ಲ. "ಪಾಪ, ಕಾಗದ ಹಂಚೋನು ಏನ್ ಮಾಡಿದ್ದ? ಬ್ರೇಕ್ ಹಿಡೀದಿರೋ ಡ್ರೈವರ್‍ನ ಬುಟ್ಟು ಕಲ್ಲನ್ನ ಬಯ್ತವ್ರೆ ನೋಡು. ರಾಜ್ರು ಸತ್ತಿದ್ದು ಕತ್ತೀಲಿ, ದುರಾಸೇಲಿ. ಕಲ್ಲಿಗೆ ಬಾಯಿಲ್ಲ. ಬಾಯಿಲ್ದೋರ ಮೇಲೆ ಏನ್ ಬೇಕಾದ್ರೂ ಹಾಕ್ಬೋದು ಕಣಮ್ಮಿ."

ನನ್ನ ಮದುವೆ ಕನಕಪುರಕ್ಕೆ ಗೊತ್ತಾದಾಗ ಅವಳು ಆ ಮೂಗುಬೊಟ್ಟನ್ನು ಬಿಚ್ಚಿ ನನಗೆ ಹಾಕಿದಳು. ನಮ್ಮವ್ವ ಬೇಡ ಬೇಡ ಎಂದರೂ ಕೇಳಲಿಲ್ಲ. "ನಂಗೆ ಹೆಣ್ಮಕ್ಕಳಿಲ್ಲ. ಗಂಡ್ಮಕ್ಕಳು ಮೂಗಿಗೆ ಹಾಕ್ಕಂಡಾರಾ?" ಎಂದಳು. ತನ್ನ ತೂತು ಮುಚ್ಚದಿರಲಿ ಎಂದು ಪೊರಕೆಕಡ್ಡಿಯ ಒಂದು ಚೂರು ಸಿಕ್ಕಿಸಿಕೊಂಡು ಮದುವೆಯೆಲ್ಲ ಓಡಾಡಿದಳು.

ನಾನು ಹೋದ ಮನೆಯವರು ರೇಷ್ಮೆ ಮಾಡುವವರು. ನಾನು ಕಾಲಿಟ್ಟ ತಿಂಗಳೇ ಹುಳುಗಳಿಗೆ ಸುಣ್ಣಕಟ್ಟು ರೋಗ ಬಂತು. ಗೂಡು ಕಟ್ಟಬೇಕಾದ ಹುಳುಗಳು ಬೆಳ್ಳಗೆ ಸೆಟೆದುಕೊಂಡು ಸತ್ತವು. ತಟ್ಟೆ ತಟ್ಟೆಯನ್ನೇ ಸುಟ್ಟೆವು. ಆ ಹೊಗೆ ಆರುವುದರೊಳಗೆ ಮಾವ ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡರು. ಮಾವನ ಅಕ್ಕ ಅದೇ ಮನೆಯಲ್ಲಿದ್ದರು. ಮನೆಗೆ ಹಿರಿಯರು, ಅವರ ಮಾತಿಗೆ ತೂಕವಿತ್ತು. "ಕಾಲ್ಗುಣ ಅನ್ನಾದು ಸುಳ್ಳಲ್ಲ" ಎಂದು ಅವರು ಮೊದಲು ಅಡುಗೆಮನೆಯಲ್ಲಿ, ಆಮೇಲೆ ಜಗಲಿಯಲ್ಲಿ ಹೇಳಿದರು. ಹುಳದ ಮನೆಯ ಹೊಸಲು ದಾಟಬೇಡ ಎಂದು ನನಗೆ ಅಪ್ಪಣೆಯಾಯಿತು. ಒಂದಷ್ಟು ದಿನ ತೌರಿಗೆ ಹೋಗಿರಲಿ ಎಂಬ ಮಾತು ಬಂತು. ಆ 'ಒಂದಷ್ಟು ದಿನ' ಎಂದರೆ ಏನು ಎಂದು ನಮ್ಮ ಕಡೆಯ ಯಾವ ಹೆಣ್ಣಿಗೂ ಬಿಡಿಸಿ ಹೇಳಬೇಕಿಲ್ಲ. ಕರೆಯಲು ಯಾರೂ ಬರುವುದಿಲ್ಲ. ನನ್ನ ಗಂಡ ಅಪ್ಪನ ಮಂಚದ ಹತ್ತಿರ ತಲೆತಗ್ಗಿಸಿ ಕೂತಿದ್ದರು. ಅತ್ತೆ ಎದ್ದು ಅಡುಗೆಮನೆಗೆ ಹೋದರು. ನನಗೆ ನನ್ನ ಪಾದ ನೋಡಿಕೊಳ್ಳಲೂ ಹೆದರಿಕೆಯಾಗುತ್ತಿತ್ತು.

ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ದೊಡ್ಡವ್ವ ಫೋನು ಮಾಡಿ "ಉಂಡ್ಯಾ?" ಎಂದಾಗ "ಹೂ" ಎಂದಿದ್ದೆ ಅಷ್ಟೆ. ಆ "ಹೂ" ಅವಳಿಗೆ ಸಾಕಾಯಿತು. ಮಾರನೆಯ ದಿನ ಹೊತ್ತು ಏರುವುದರೊಳಗೆ ಬಸ್ಸಿಳಿದು ಬಂದಳು. ಕೊಟ್ಟ ಕಾಫಿ ಮುಟ್ಟಲಿಲ್ಲ. ಮಾವನ ಅಕ್ಕ ಹೇಳಿದ್ದನ್ನೆಲ್ಲ ಪೂರ್ತಿ ಕೇಳಿಸಿಕೊಂಡಳು. ಕೈ ಮೂಗಿಗೆ ಹೋಯಿತು, ಅಲ್ಲಿ ಪೊರಕೆಕಡ್ಡಿ ಇತ್ತು. ನಾನು ಗುಡುಗಿಗೆ ಕಾದೆ. ಜಗಳವಾದರೆ ನನ್ನ ಗತಿ ಮುಗಿಯಿತು ಎಂದುಕೊಂಡೆ.

ಅವಳು ಎದ್ದು ನನ್ನ ಹತ್ತಿರ ಬಂದಳು. ನನ್ನ ಮೂಗಿನ ತಿರುಪು ಬಿಚ್ಚಿ, ಕಲ್ಲನ್ನು ಅಂಗಳದ ಬಿಸಿಲಿಗೆ ಹಿಡಿದಳು.

"ನೀವ್ ಹೇಳಾದು ನಿಜ, ಕಾಲು ಕೆಟ್ಟದ್ದೇ" ಎಂದಳು. "ಆದ್ರೆ ಹುಡುಗೀದಲ್ಲ, ಇದ್ರದು. ನೋಡಿ, ಒಳಗೆ ಕಾಗೆಕಾಲು ಐತೆ. ನಮ್ಮನೆ ಪೀಡೆ ನಿಮ್ಮನೆಗೆ ಕಳಿಸ್ಬುಟ್ಟೆ. ತಪ್ಪಾಯ್ತು."

ಆಮೇಲೆ ಶುರುವಾಯಿತು ನೋಡಿ ಕೋಹಿನೂರಿನ ಕತೆ. ಪರ್ಶಿಯಾ ರಾಜ, ಕಿತ್ತ ಕಣ್ಣು, ಕಾದ ಸೀಸ, ಫ್ರಾನ್ಸಿನ ರಾಣಿಯ ಕತ್ತು, ಅಂಚೆಯವನ ಕಾಲು, ಎಲ್ಲ ಬಂತು. ಯಾವ ಕತೆಯನ್ನು ಗೇಲಿ ಮಾಡಿ ನನಗೆ ಕಲಿಸಿದ್ದಳೋ ಅದನ್ನೇ ಕಣ್ಣಗಲಿಸಿ, ಎದೆ ಮುಟ್ಟಿಕೊಂಡು ಹೇಳಿದಳು. "ಇಂಗ್ಲೆಂಡ್ ದೇಸದ್ ರಾಜ್ರೇ ಇವತ್ತಿಗೂ ಮುಟ್ಟಕ್ಕೆ ಹೆದರ್ತಾರೆ, ನಮ್ ಹುಳು ಯಾವ ಲೆಕ್ಕ ಬೀಗ್ತಮ್ಮ!" ಮಾವನ ಅಕ್ಕ ಕಲ್ಲನ್ನು ಕಣ್ಣಿನ ಹತ್ತಿರ ಹಿಡಿದು, "ಹೂ ಕಣವ್ವ, ಕಾಲ್ಬೆರಳೂ ಕಾಣ್ತಾವೆ!" ಎಂದರು. ಪಕ್ಕದ ಮನೆಯವರೂ ಬಂದು ನೋಡಿದರು, ಎಲ್ಲರಿಗೂ ಕಂಡಿತು. ಕೊನೆಗೆ ದೊಡ್ಡವ್ವ ಅದನ್ನು ಅತ್ತೆಯ ಅಂಗೈಯಲ್ಲಿಟ್ಟಳು. ಅತ್ತೆ ಬಹಳ ಹೊತ್ತು ನೋಡಿ, "ಐತೆ" ಎಂದರು. ಯಾರ ಮುಂದೆಯೂ ತಗ್ಗದ ನಮ್ಮ ದೊಡ್ಡವ್ವ ಅಂದು ಅಷ್ಟೂ ಜನಕ್ಕೆ ಕೈಮುಗಿದಳು. ನನ್ನನ್ನು ತೌರಿಗೆ ಕಳಿಸುವ ಮಾತು ಅಲ್ಲಿಗೆ ನಿಂತಿತು.

ಬಸ್‌ಸ್ಟ್ಯಾಂಡಿನಲ್ಲಿ ನಾನು ಮೆಲ್ಲಗೆ, "ದೊಡ್ಡವ್ವ, ನಿಜವಾಗ್ಲೂ ಐತಾ?" ಎಂದೆ.

"ಎಲ್ಲೈತೆ? ನಮ್ಮವ್ವನ ಕಲ್ಲು ಕಣೆ ಅದು, ನೀರಿನಂಗೈತೆ." ಅವಳು ಮಾಗಡಿ ಬಸ್ಸು ಬರುವ ಕಡೆ ನೋಡುತ್ತಿದ್ದಳು. "ಬಾಯಿಲ್ಲದ್ದು ಅದೂ, ನೀನೂ. ಇಬ್ರಲ್ಲಿ ಒಬ್ರ ಮೇಲೆ ಹಾಕ್ಬೇಕಿತ್ತು, ಅದ್ರ ಮೇಲ್ ಹಾಕ್ದೆ. ನೀನ್ ಬಾಯ್ ಬುಟ್ಟೀಯ ಮತ್ತೆ. ತಿರುಗಿ ನಿನ್ ಕಾಲಿಗೇ ಬತ್ತಾರೆ."

ಮುಂದಿನ ಬೆಳೆಯ ಹುಳು ಚೆನ್ನಾಗಿ ಬಂತು. ಮಾವ ಕೋಲು ಹಿಡಿದು ನಡೆದರು. ರೋಗ ಹೋಗಲಿ ಎಂದು ಹುಳದ ಮನೆಗೆಲ್ಲ ಔಷಧಿ ಹೊಡೆದು ತೊಳೆದಿದ್ದರು ಎನ್ನುವುದು ಯಾರಿಗೂ ನೆನಪಾಗಲಿಲ್ಲ. ಕಲ್ಲು ಹೋಯಿತು, ಕೇಡು ಹೋಯಿತು ಎಂದರು. ಈ ಸುದ್ದಿ ಬಸ್ಸು ಬದಲಿಸಿ ಬದಲಿಸಿ ಕಲ್ಯಕ್ಕೂ ತಲುಪಿತು.

ದೊಡ್ಡವ್ವ ಆ ಕಲ್ಲನ್ನು ಮತ್ತೆ ತನ್ನ ಮೂಗಿಗೆ ಹಾಕಿಕೊಂಡಿದ್ದಳು. ಮೊದಲ ಮದುವೆಗೆ ಕರೆಯಲು ಬಂದವರೇ, "ಅಕ್ಕ, ಅದೊಂದ್ನ ಒಸಿ ಬಿಚ್ಚಿಟ್ಟು ಬಂದ್ಬುಡು" ಎಂದರಂತೆ. "ಮೂಗೇ ಕುಯ್ಕಂಡು ಬತ್ತೀನಿ ಬುಡಿ" ಎಂದಳಂತೆ ಇವಳು. ಅಲ್ಲಿಂದ ಮುಂದೆ ಕರೆಯುವವರು ಕಡಿಮೆಯಾದರು. ಕರೆದರೂ ಒನಕೆ ಬೇರೆಯವರ ಕೈಗೆ ಹೋಗುತ್ತಿತ್ತು. ಸೊಸೆಯಂದಿರು ಬಾಣಂತನದ ಕೋಣೆಗೆ ಅವಳನ್ನು ಬಿಟ್ಟುಕೊಳ್ಳಲು ಹಿಂದೆಮುಂದೆ ನೋಡಿದರು. ಒಂದು ಮಾತು, 'ಅದು ಸುಳ್ಳು' ಎಂದಿದ್ದರೆ ಸಾಕಿತ್ತು. ಅವಳು ಅನ್ನಲಿಲ್ಲ. ಬಿಚ್ಚಿ ಪೆಟ್ಟಿಗೆಗೆ ಹಾಕಿದ್ದರೂ ಸಾಕಿತ್ತು, ಅದನ್ನೂ ಮಾಡಲಿಲ್ಲ. "ನಾನೇ ಮೂಲೆಗಾಕಿದ್ರೆ ಅದನ್ನ ಇನ್ಯಾರ್ ಇಟ್ಕತಾರೆ?" ಎಂದು ನನ್ನ ಹತ್ತಿರ ಮಾತ್ರ ಹೇಳಿದಳು.

ಮೊದಲೇ ಕೂರಲಾರದವಳು. ಹೋಗಲು ಮನೆಗಳಿಲ್ಲದಾಗ ಸುಮ್ಮಸುಮ್ಮನೆ ಬಸ್ಸು ಹತ್ತಿದಳು. ಮಾಗಡಿಯಿಂದ ರಾಮನಗರ, ರಾಮನಗರದಿಂದ ಚನ್ನಪಟ್ಟಣ, ಅಲ್ಲಿಂದ ತಿರುಗಿ ಕನಕಪುರದ ನಮ್ಮ ಮನೆ. ಬಂದವಳು ನೀರು ಕುಡಿದು, ನನ್ನ ಮುಖ ನೋಡಿ, ನಾನು ಅಕ್ಕಿ ಹಾಕುವುದರೊಳಗೆ ಚಪ್ಪಲಿ ಮೆಟ್ಟುತ್ತಿದ್ದಳು. ನನ್ನ ಮಗಳು ಹುಟ್ಟಿದಾಗಲೂ ಬಾಗಿಲಲ್ಲೇ ನಿಂತು ನೋಡಿ ಹೋದಳು. ಅವಳ ಬೆನ್ನು ನೋಡುತ್ತಾ ನಾನು ಅತ್ತುಬಿಟ್ಟಿದ್ದೆ.

ಮೊಬೈಲು ಬಂದ ಮೇಲೆ ಅದರಲ್ಲಿ ವಜ್ರಗಳ ವಿಡಿಯೋ ಹುಡುಕುವುದು ಶುರುವಾಯಿತು. ದೇವರ ಕಣ್ಣಿನಿಂದ ಕಿತ್ತ ಕಪ್ಪು ವಜ್ರ, ಇಟ್ಟುಕೊಂಡವರನ್ನೆಲ್ಲ ಮಹಡಿಯಿಂದ ಹಾರಿಸಿದ್ದು ಎಂದು ಯಾವುದೋ ಒಂದನ್ನು ನೋಡಿ ನನಗೆ ಫೋನು ಮಾಡುತ್ತಿದ್ದಳು. ವಯಸ್ಸಾದ ಮೇಲೆ ಇವಳೂ ನಂಬತೊಡಗಿದಳೇನೋ ಎಂದು ನನಗೆ ಕಸಿವಿಸಿ. ಒಂದು ದಿನ ಕೇಳಿಯೇಬಿಟ್ಟೆ.

"ನಂಬಾದಲ್ಲ ಕಣೆ" ಎಂದಳು. "ಇಷ್ಟೊಂದ್ ಕಲ್ಲಲ್ಲಿ ಒಂದ್ರದ್ದಾದ್ರೂ, ಇದು ಸುಳ್ಳು, ಈ ಕಲ್ಲೇನೂ ಮಾಡಿಲ್ಲ ಅಂತ ಕೊನೇಗೆ ಯಾರಾದ್ರೂ ಹೇಳವ್ರಾ ಅಂತ ನೋಡ್ತಿದ್ದೆ. ಯಾವನೂ ಹೇಳಿಲ್ಲ." ಆಮೇಲೆ ನಕ್ಕಳು. "ಎಲ್ಲಾ ಕಡೆ ಕಲ್ಲಿಂದ ಮನ್ಸನಿಗೆ ಕೇಡು. ನಮ್ಮನೇಲಿ ಮಾತ್ರ ಮನ್ಸನಿಂದ ಕಲ್ಲಿಗೆ ಕೇಡಾಯ್ತು."

ಹೋದ ವರ್ಷ ಅವಳು ತೀರಿಕೊಂಡಳು. ಎಲ್ಲಿಗೋ ಹೊರಟು ಒಂದು ಚಪ್ಪಲಿ ಮೆಟ್ಟಿ, ಇನ್ನೊಂದಕ್ಕೆ ಕಾಲು ಚಾಚುವಾಗ ಕುಸಿದಳಂತೆ. ನಾನೂ ಅತ್ತೆಯೂ ಮಣ್ಣಿಗೆ ಹೋದೆವು. ಅರಿಶಿನ ಹಚ್ಚಿ, ಹೂ ಮುಡಿಸಿ ಮಲಗಿಸಿದ್ದರು. ದೊಡ್ಡಪ್ಪ ಕಂಬಕ್ಕೆ ಒರಗಿದ್ದರು. "ಪುಣ್ಯವಂತೆ, ಮುತ್ತೈದೆ ಸಾವು, ನರಳಲಿಲ್ಲ" ಎಂದು ಒಬ್ಬರು ಅನ್ನುತ್ತಿದ್ದರೆ, ಅವರ ಪಕ್ಕದಲ್ಲೇ ಕೂತವರು, "ಆ ಕಲ್ಲು ಮಾತ್ರ ಬಿಚ್ಬೇಡಿ, ಪೀಡೆ ಮಣ್ಣಿಗೇ ಹೋಗ್ಲಿ" ಎಂದರು. ಸೊಸೆಯಂದಿರೂ ಹೂ ಎಂದರು.

ನನಗೆ ಮೈಯೆಲ್ಲ ಉರಿಯಿತು. ಪೀಡೆ ಮೂಗಿನ ಮೇಲಿದ್ದೂ ಪುಣ್ಯವಂತೆಯ ಸಾವು ಹೇಗೆ ಬಂತು ಎಂದು ಒಬ್ಬರಿಗೂ ಹೊಳೆಯಲಿಲ್ಲವಲ್ಲ!

"ಅದ್ರಲ್ಲಿ ಕಾಗೆಕಾಲಿಲ್ಲ" ಎಂದೆ. ದನಿ ನನಗೇ ಜೋರೆನಿಸಿತು. "ಯಾವತ್ತೂ ಇರ್ಲಿಲ್ಲ. ನನ್ನ ಕಾಲು ಕೆಟ್ಟದ್ದು ಅಂತ ತೌರಿಗೆ ಕಳಿಸ್ತಿದ್ರು. ನನ್ನ ಉಳಿಸಕ್ಕೆ ದೊಡ್ಡವ್ವ ಹೇಳಿದ ಸುಳ್ಳದು. ಆ ಕಲ್ಲು ನಂಗ್ ಕೊಡಿ."

ಎಲ್ಲರೂ ನನ್ನ ಅತ್ತೆಯ ಕಡೆ ತಿರುಗಿದರು. ಅತ್ತೆ ಎದ್ದು ಹೋಗಿ ದೊಡ್ಡವ್ವನ ತಲೆಯ ಹತ್ತಿರ ಕೂತರು. ತಾವೇ ತಿರುಪು ಬಿಚ್ಚಿದರು. ಕನ್ನಡಕ ಸರಿಮಾಡಿಕೊಂಡು ಕಲ್ಲನ್ನು ಬಾಗಿಲ ಬೆಳಕಿಗೆ ಹಿಡಿದರು.

"ಏನೂ ಇಲ್ಲ" ಎಂದರು. "ಆವತ್ತು ನನ್ ಕಣ್ಗೆ ಪೊರೆ ಬಂದಿತ್ತು. ಕಲ್ಲೇ ಸರಿಯಾಗ್ ಕಾಣ್ತಿರ್ಲಿಲ್ಲ, ಕಾಗೆಕಾಲೆಲ್ಲಿ ಕಂಡಾತು?"

"ಮತ್ತೆ ಐತೆ ಅಂದ್ರಲ್ಲ ಅತ್ತೆ?"

"ನಿಮ್ ದೊಡ್ಡವ್ವ ನನ್ ಮುಖಾನೇ ನೋಡ್ತಿದ್ಲು ಕಣವ್ವ. ಇಲ್ಲ ಅನ್ನಕ್ಕಾಯ್ತದಾ?"

ಅವರು ಅದನ್ನು ತಮ್ಮ ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ತಿಥಿ ಕಳೆದ ಮೇಲೆ ಹಾಲಿನಲ್ಲಿ ತೊಳೆದು ನನಗೆ ಕೊಟ್ಟರು.

ಹೋದ ತಿಂಗಳು ಕಲ್ಯದಲ್ಲಿ ಒಂದು ಮದುವೆ. ದೊಡ್ಡವ್ವನಿಗೆ ಬಿಚ್ಚಿಟ್ಟು ಬಾ ಎಂದಿದ್ದ ಅದೇ ಮನೆ. ಬೆಳಗಿನಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಸೀರೆ ಉಟ್ಟೆ, ಬಿಚ್ಚಿದೆ, ಮತ್ತೆ ಉಟ್ಟೆ. ಕೊನೆಗೆ ಬಸ್ಸು ಹತ್ತಿದೆ. ಬಾಗಿಲಲ್ಲಿ ಕುಂಕುಮದ ತಟ್ಟೆ ಹಿಡಿದಿದ್ದ ಹೆಂಗಸು ನನ್ನ ಮೂಗು ನೋಡಿದಳು. ಅವಳ ಕೈ ನಿಂತಿತು. ನನ್ನ ಕೈ ತಾನಾಗಿ ಮೇಲೆದ್ದು ಮೂಗುಬೊಟ್ಟನ್ನು ಒಂದು ಸುತ್ತು ತಿರುಗಿಸಿತು. "ನಮ್ ದೊಡ್ಡವ್ವಂದು" ಎಂದೆ, ಮುಖ ಒಂದಿಷ್ಟು ಮುಂದೆ ಮಾಡಿದೆ. ಅವಳು ಕುಂಕುಮ ಇಟ್ಟಳು.