ಕಲ್ಯಾಣದಿಂದ ಹುಮನಾಬಾದ್, ಸುಮ್ಮನೆ ಓಡಿಕೊಂಡು

“ಯಾರು ತೀರ್ಕೊಂಡಾರ್ರಿ?”

ಕಳೆದ ಭಾನುವಾರ ಬೆಳಗಿನಿಂದ ಸಂಜೆಯವರೆಗೆ ನನ್ನನ್ನು ಕಂಡವರೆಲ್ಲ ಕೇಳಿದ್ದು ಇದೊಂದೇ ಪ್ರಶ್ನೆ. ಯಾರೂ ತೀರಿಕೊಂಡಿರಲಿಲ್ಲ. ನಾನು ಓಡುತ್ತಿದ್ದೆ, ಅಷ್ಟೇ.

ಬಸವಕಲ್ಯಾಣದ ನಮ್ಮ ಮನೆಯಿಂದ ಹುಮನಾಬಾದಿನ ಮಾವನವರ ಮನೆಗೆ, ಅಲ್ಲಿಂದ ಮತ್ತೆ ವಾಪಸ್. ಡಾಂಬರು ರಸ್ತೆ ಬಿಟ್ಟು ಹೊಲದ ದಾರಿಯಲ್ಲಿ. ಹೋಗಿಬರುವಷ್ಟರಲ್ಲಿ ಐವತ್ತು ಕಿಲೋಮೀಟರ್ ದಾಟುತ್ತದೆ. ಮ್ಯಾರಥಾನ್ ಸಾಲದು ಎನ್ನುವವರು ಗುಡ್ಡಗಾಡಿನಲ್ಲಿ ಇನ್ನೂ ದೂರ ಓಡುತ್ತಾರೆ, ಅದಕ್ಕೆ ಅಲ್ಟ್ರಾ ಮ್ಯಾರಥಾನ್ ಎಂದು ಹೆಸರು ಅಂತ ಲೈಬ್ರರಿಯ ಇಂಗ್ಲಿಷ್ ಮ್ಯಾಗಜಿನ್ನಿನಲ್ಲಿ ಓದಿದ್ದೆ. ಅಂದಿನಿಂದ ತಲೆಯಲ್ಲಿ ಹುಳ. (ಭೂಗೋಳ ಕಲಿಸುವ ನಲವತ್ತೆರಡು ವರ್ಷದ ಮಾಸ್ತರನಿಗೆ ಇದೆಲ್ಲ ಬೇಕಿತ್ತೆ? ನೀವು ಕೇಳುವ ಮೊದಲೇ ಮನೆಯಲ್ಲಿ ಕೇಳಿಯಾಗಿದೆ.)

ನಾಲ್ಕು ತಿಂಗಳು ನಸುಕಿನಲ್ಲಿ ಎದ್ದು ಓಡಿ ಅಭ್ಯಾಸ ಮಾಡಿದ್ದೆ. ಆದರೂ ಹೆಂಡತಿ ಕಮಲಾ ನಂಬಲಿಲ್ಲ. “ನೀವು ಹಿಡದದ್ದು ಯಾವುದು ಮುಗಿಸೀರಿ, ಇದನ್ನ ಮುಗಸಾಕ?” ಎಂದಳು.

ನಿಜವೇ. ಎಂ.ಎ. ಮೊದಲ ವರ್ಷಕ್ಕೇ ನಿಂತಿದೆ. ಹಾರ್ಮೋನಿಯಂ ಎರಡು ರಾಗಕ್ಕೆ ನಿಂತಿದೆ. ಹಿತ್ತಲ ಗೋಡೆ ಸೊಂಟದೆತ್ತರಕ್ಕೆ ನಿಂತಿದೆ. ಈ ಸಲವೂ ಅರ್ಧಕ್ಕೆ ಬಿಟ್ಟರೆ ಇನ್ನು ಜನ್ಮದಲ್ಲಿ ಏನನ್ನೂ ಶುರು ಮಾಡಬಾರದು ಎಂದುಕೊಂಡೇ ಕ್ಯಾನ್ವಾಸ್ ಬೂಟು ಕಟ್ಟಿದೆ.

ಆದರೆ ಒಂದು ಮರೆತಿದ್ದೆ. ನಮ್ಮ ಕಡೆ ಬೆಳೆದ ಗಂಡಸು ಹೊಲದ ದಾರಿಯಲ್ಲಿ ಓಡುವುದು ಸಾವಿನ ಸುದ್ದಿ ಮುಟ್ಟಿಸಲು ಮಾತ್ರ. ತಂತಿ ಬರುವುದರೊಳಗೆ ಮಣ್ಣು ಕೊಡುವುದೇ ಮುಗಿದಿರುತ್ತದೆ. ಹಾಗಾಗಿ ನೆಂಟರ ಊರಿಗೆ ಆಳು ಹೋಗುತ್ತಾನೆ. ಅವನು ಸುದ್ದಿಯನ್ನು ನೆಂಟರಿಗಲ್ಲದೆ ದಾರಿಯಲ್ಲಿ ಯಾರಿಗೂ ಹೇಳುವುದಿಲ್ಲ. ಕಂಡವರು ಅವನಿಗೆ ನೀರು ಕೊಡಬೇಕು, ಬಂಡಿ ಇದ್ದರೆ ಹತ್ತಿಸಿಕೊಳ್ಳಬೇಕು. ಇದು ಪದ್ಧತಿ.

ತೊಗರಿ ಕೊಯ್ಯುತ್ತಿದ್ದ ಹೆಂಗಸರು ಕುಡುಗೋಲು ಕೆಳಗಿಟ್ಟು ಓಡಿಬಂದರು.

“ಯಾರೂ ತೀರ್ಕೊಂಡಿಲ್ಲವ್ವ, ಸುಮ್ಮ ಓಡಾಕತ್ತೀನಿ” ಎಂದೆ.

ಒಬ್ಬ ಮುದುಕಿ ನನ್ನ ಕೈಗೆ ನೀರಿನ ಚೆಂಬು ಕೊಟ್ಟು, ಉಳಿದವರತ್ತ ತಿರುಗಿ, “ಪಾಪ, ಹೇಳಾಕ ಬಾಯಿ ಬರವಲ್ದು” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಇಂಥವರಿಗೆ ಏನು ಹೇಳುವುದು? ನೀರು ಕುಡಿದು ಓಡಿದೆ.

ಹನ್ನೊಂದಕ್ಕೆ ಹುಮನಾಬಾದ್ ತಲುಪಿ ಮಾವನವರ ಬಾಗಿಲು ಮುಟ್ಟಿದೆ. ಮೊದಲೇ ಕಾಗದ ಬರೆದಿದ್ದೆ, ಕಾಯುತ್ತಾ ಕಟ್ಟೆಯ ಮೇಲೆ ಕುಳಿತಿದ್ದರು. “ಸಂಜಿ ಬಸ್ಸಿಗೆ ನಾನೂ ಬರ್ತೀನಿ ಅಳಿಯರ, ಮುಟ್ಟತೀರೋ ಇಲ್ಲೋ ನೋಡೂಣು” ಎಂದು ನಕ್ಕರು. ಎರಡು ಬಾಳೆಹಣ್ಣು ತಿಂದು ತಿರುಗಿದೆ.

ಮಧ್ಯಾಹ್ನ ಎರಡರ ಹೊತ್ತಿಗೆ ಕಾಲಿನ ಮೀನಖಂಡಗಳು ಹಿಡಿದುಕೊಂಡವು. ಹೊಲದ ದಾರಿ ರಸ್ತೆಗೆ ಕೂಡುವ ಕಡೆ ಕಲ್ಲಿನ ಮೇಲೆ ಕುಸಿದು ಕುಳಿತೆ. ಹಳ್ಳಿಖೇಡದ ಫ್ಯಾಕ್ಟರಿಗೆ ಕಬ್ಬು ಹಾಕಿ ಖಾಲಿ ಮರಳುತ್ತಿದ್ದ ಟ್ರ್ಯಾಕ್ಟರ್ ನಿಂತಿತು. ಡ್ರೈವರ್ ನಮ್ಮ ಓಣಿಯ ಮೌಲಾಸಾಬ್.

“ಹುಮನಾಬಾದದಿಂದ ಬರಾಕತ್ತೀರೇನ್ರಿ ಮಾಸ್ತರ್ರ? ಹತ್ರಿ, ಮನೀ ಮುಂದ ಬಿಡ್ತೀನಿ.”

ಹತ್ತಿದ್ದರೆ ಯಾರಿಗೆ ಗೊತ್ತಾಗುತ್ತಿತ್ತು? ಊರ ಹೊರಗೆ ಇಳಿದು ಓಡಿಕೊಂಡು ಹೋದರಾಯಿತು! ಅವನು ಕೈ ಬೇರೆ ಚಾಚಿದ. ಹತ್ತುವ ಆಸೆಗೆ, ಹತ್ತಬಾರದೆಂಬ ಹಟಕ್ಕೆ, ನನಗೆ ಗಳಗಳ ಅಳು ಬಂತು. ಹೌದು, ಅತ್ತುಬಿಟ್ಟೆ. ನಾಚಿಕೆ ಏನಿಲ್ಲ. “ಇಲ್ಲಪ್ಪ, ನಾ ಓಡಿಕೋತನ ಬರ್ತೀನಿ” ಎಂದು ಎದ್ದೆ. ಅವನು ನನ್ನ ಮುಖವನ್ನೇ ನೋಡಿ, ಏನೂ ಕೇಳದೆ ಹೊರಟುಹೋದ.

ಐದು ಗಂಟೆಗೆ ನಮ್ಮ ಓಣಿಗೆ ತಿರುಗಿದೆ. ಎರಡೂ ಕೈ ಮೇಲೆತ್ತಿ, ಹಲ್ಲು ಕಿರಿಯುತ್ತಾ, ಕುಂಟುತ್ತಾ ಓಡಿದೆ. ಮನೆಯ ಮುಂದೆ ಓಣಿಗೆ ಓಣಿಯೇ ಸೇರಿತ್ತು. ನನ್ನ ಸ್ವಾಗತಕ್ಕೆ ಎಂದುಕೊಂಡೆ!

ನಡುವೆ ಕಮಲಾ ಅಳುತ್ತಿದ್ದಳು. “ಅಪ್ಪಗ ಏನಾತ್ರಿ? ನೀವು ಅಳಕೋತ ಬರಾಕತ್ತೀರಂತ ಮೌಲಾಸಾಬ್ ಹೇಳ್ಯಾನ!”

“ಮಾವಗ ಏನೂ ಆಗಿಲ್ಲ, ಬಸ್ಸಿಗೆ ಬರ್ತಾರ” ಎಂದೆ. ಒಬ್ಬರೂ ನಂಬಲಿಲ್ಲ. ಸುದ್ದಿ ತಂದವನು ಹೀಗೆ ಸಮಾಧಾನ ಹೇಳುವುದು ಇದ್ದದ್ದೇ ತಾನೆ? ಹತ್ತು ನಿಮಿಷದ ಮೇಲೆ ಮಾವನವರೇ ಕೊಡೆ ಹಿಡಿದು ಓಣಿಯ ಮೂಲೆಯಲ್ಲಿ ಕಾಣಿಸಿಕೊಂಡಾಗ ಅಳು ಒಮ್ಮೆಲೇ ನಿಂತಿತು.

ಕಮಲಾ ಅಪ್ಪನ ಕೈ ಹಿಡಿದುಕೊಂಡೇ ನನ್ನತ್ತ ತಿರುಗಿದಳು. “ಮತ್ತ ನೀವ್ಯಾಕ ಅಳಾಕತ್ತಿದ್ರಿ?”

“ಟ್ರ್ಯಾಕ್ಟರ್ ಹತ್ತಬೇಕನಸ್ತು.”

“ಹತ್ತಲಿಲ್ಲೇನು?”

“ಹತ್ತಲಿಲ್ಲ.”

ಅವಳು ಅಪ್ಪನ ಕೈ ಬಿಟ್ಟು ಓಣಿಯವರತ್ತ ತಿರುಗಿದಳು. ಆಮೇಲೆ ಅಳಲು ಬಂದವರಿಗೆಲ್ಲ ಕೇಳುವಂತೆ, “ನೋಡ್ರಿ, ನಮ್ಮ ಮನೆಯವ್ರು ಪೂರಾ ಓಡ್ಯಾರ!” ಎಂದಳು. ಮೌಲಾಸಾಬ್ ಮೊದಲು ಚಪ್ಪಾಳೆ ತಟ್ಟಿದ. ಓಣಿಗೆಲ್ಲ ಚಹಾ ಆಯಿತು. ನನ್ನ ಎದೆ ಇನ್ನೂ ಉಬ್ಬಿಕೊಂಡೇ ಇದೆ.

ಸತ್ತವರ ಸುದ್ದಿಗೆ ಬಿದ್ದೆದ್ದು ಓಡುವ ನಾವು, ಬದುಕಿದ್ದೇವೆ ಎನ್ನುವ ಸುದ್ದಿಗೆ ಒಂದು ದಿನವಾದರೂ ಓಡಬೇಡವೆ?