ಜೊಹರಾ ಆಂಟಿ ಬರೆಸಿದ ಹೃದಯ

ಮೊನ್ನೆ ಇಲ್ಲಿ ಕತಾರಿನ ಅಲ್ ವಕ್ರಾದ ಒಂದು ಹೋಟೆಲಿನಲ್ಲಿ ಊಟ ಮುಗಿದ ಮೇಲೆ ಬೆರಳು ತೊಳೆಯಲು ಬಟ್ಟಲಿನಲ್ಲಿ ಬಿಸಿನೀರು ತಂದಿಟ್ಟರು. ಅದರಲ್ಲಿ ನಿಂಬೆಯ ಒಂದು ಹೋಳು ತೇಲುತ್ತಿತ್ತು. ಹೋಳನ್ನು ಹಿಂಡಿ ಉಗುರಿನ ಸಂದಿಗೆ ಉಜ್ಜಿದೆ. ಸಿಪ್ಪೆಯ ಎಣ್ಣೆಯ ಆ ಸಣ್ಣ ಕಹಿವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಹದಿನೈದು ವರ್ಷದವನಾಗಿ ಮದೀನತ್ ಖಲೀಫಾದ ಹಳೆಯ ವಿಲ್ಲಾದ ಮಹಡಿಯ ಅಡುಗೆಮನೆಯಲ್ಲಿ ನಿಂತಿದ್ದೆ. ಸಿಂಕಿನ ಮುಂದೆ ಜೊಹರಾ ಆಂಟಿ ನನ್ನ ಎರಡೂ ಕೈ ಹಿಡಿದು, ಒಂದೊಂದೇ ಬೆರಳಿಗೆ ನಿಂಬೆ ಸಿಪ್ಪೆ ತಿಕ್ಕುತ್ತಿದ್ದರು. ಕೆಳಗಿನ ಮನೆಯಲ್ಲಿ ನನ್ನ ಅಮ್ಮ ಒಗ್ಗರಣೆ ಹಾಕುವ ಸದ್ದು. ಆ ಕೈಯಲ್ಲಿ ನಾನು ಏನು ಹಿಡಿದಿದ್ದೆನೆಂದು ಅಮ್ಮನಿಗೆ ವಾಸನೆಯಿಂದಲೂ ತಿಳಿಯಬಾರದು, ಅದಕ್ಕೆ ಆ ನಿಂಬೆ. ವಾಸನೆಗೆ ನೆನಪನ್ನು ಎಬ್ಬಿಸುವ ಶಕ್ತಿ ಇದೆ ಎನ್ನುತ್ತಾರೆ, ಒಪ್ಪುತ್ತೇನೆ. ಆದರೆ ಎದ್ದು ಬಂದದ್ದೆಲ್ಲ ನಡೆದದ್ದೇ ಎಂದು ಹೇಳುವವರು ಯಾರು? ಯೂನಿವರ್ಸಿಟಿಯಲ್ಲಿ ನಾನು ಕಲಿತದ್ದು ಏನಾದರೂ ಇದ್ದರೆ ಅದು ಸಾಕ್ಷಿ ಕೇಳುವುದು. ಈ ಕಥೆಗೆ ಮಾತ್ರ ಸಾಕ್ಷಿಗಳು ಕಡಿಮೆ, ಇದ್ದವರಲ್ಲಿ ಮುಖ್ಯವಾದವರು ಈಗ ಇಲ್ಲ.

ಆ ವಿಲ್ಲಾ ಯಾರೋ ಕತಾರಿಯದ್ದು. ಅವರು ದೊಡ್ಡ ಮನೆ ಕಟ್ಟಿಕೊಂಡು ಹೋದ ಮೇಲೆ ಒಳಗೆ ಗೋಡೆಗಳನ್ನೆಬ್ಬಿಸಿ ಬಾಡಿಗೆಗೆ ಕೊಟ್ಟಿದ್ದರು. ಕೆಳಗೆ ನಾವು, ಮೈಸೂರಿನವರು. ಅಪ್ಪ ಮೆಸಯೀದ್‌ನ ಪ್ಲಾಂಟಿನಲ್ಲಿ ಇಂಜಿನಿಯರ್, ಬೆಳಕು ಹರಿಯುವ ಮೊದಲೇ ಕಂಪನಿ ಬಸ್ಸು ಹತ್ತುತ್ತಿದ್ದರು. ಮೇಲೆ ಉಳ್ಳಾಲದ ಇಬ್ರಾಹಿಂ ಅಂಕಲ್, ಜೊಹರಾ ಆಂಟಿ, ಮತ್ತು ನನ್ನದೇ ಕ್ಲಾಸಿನ ಅವರ ಮಗ ನಿಯಾಜ್. ಅಂಕಲ್‌ಗೆ ರಸ್ತೆಯಾಚೆ ಒಂದು ಕೆಫೆಟೇರಿಯಾ ಇತ್ತು, ಪರಾಠದಲ್ಲಿ ಮೊಟ್ಟೆ ಸುತ್ತಿ ಕೊಡುವಂಥದ್ದು. ಎರಡು ಮನೆಗೂ ಒಂದೇ ಮೆಟ್ಟಿಲು, ಮೆಟ್ಟಿಲ ಮೇಲೆ ಸದಾ ಎರಡು ಅಡುಗೆಗಳ ವಾಸನೆ: ಮೇಲಿನಿಂದ ಹುರಿದ ಕೊತ್ತಂಬರಿ, ತೆಂಗಿನಕಾಯಿ, ಮೀನು, ಕೆಳಗಿನಿಂದ ಇಂಗು, ಸಾರಿನ ಪುಡಿ. ಎ.ಸಿ.ಯಿಂದ ತೊಟ್ಟಿಕ್ಕುವ ನೀರಿಗೆ ಅಮ್ಮ ಬಕೆಟ್ ಇಟ್ಟು ತುಳಸಿ ಗಿಡಕ್ಕೆ ಹಾಕುತ್ತಿದ್ದರು, ಆಂಟಿ ಅದೇ ಬಕೆಟಿನಿಂದ ತಮ್ಮ ಕರಿಬೇವಿಗೆ. ಆಂಟಿ ಮಂಗಳೂರಿನಲ್ಲಿ ಬಿ.ಎಸ್ಸಿ. ಓದಿದವರು. ಮದುವೆಯಾಗಿ ಫ್ಯಾಮಿಲಿ ವೀಸಾದಲ್ಲಿ ಬಂದು, ಓದಿದ್ದನ್ನೆಲ್ಲ ಈರುಳ್ಳಿ ಹೆಚ್ಚುವ ಬೋರ್ಡಿನ ಮೇಲೆ ನಮ್ಮಿಬ್ಬರಿಗೆ ಕಲಿಸಿದರು. ದುಡ್ಡು ಕಾಸಿನ ಮಾತೇ ಇರಲಿಲ್ಲ. “ನನ್ನದು ಡಿಗ್ರಿಗೇ ನಿಂತಿತು ಮಗಾ. ಇವನದ್ದು ಅಲ್ಲಿಗೆ ನಿಲ್ಲಬಾರದು” ಎಂದು ಒಮ್ಮೆ ನಿಯಾಜನ ತಲೆಯ ಮೇಲೆ ಸೌಟಿನಿಂದ ಮೆಲ್ಲಗೆ ತಟ್ಟಿ ಹೇಳಿದ್ದರು. ನಿಯಾಜ್ ಡಾಕ್ಟರ್ ಆಗುವುದು ಆ ಮನೆಯಲ್ಲಿ ಆಸೆಯಾಗಿ ಉಳಿದಿರಲಿಲ್ಲ, ನಿರ್ಧಾರವಾಗಿತ್ತು.

ಹತ್ತನೇ ಕ್ಲಾಸಿನ ಶಾಲಾ ಪರೀಕ್ಷೆಯ ಅಂಕ ನೋಡಿಯೇ ಮುಂದಿನ ವರ್ಷ ಸೈನ್ಸ್ ಕೊಡುತ್ತಿದ್ದರು. ಪರೀಕ್ಷೆಗೆ ಮೂರು ದಿನ ಇರುವಾಗ ಆಂಟಿ ಕಸಾಯಿ ಅಂಗಡಿಯಿಂದ ಆಡಿನ ಹೃದಯ ತರಿಸಿದರು. ಪುಸ್ತಕದ ಚಿತ್ರ ನಮಗೆ ಬಾಯಿಪಾಠ ಬರುತ್ತಿತ್ತು, ಆದರೆ ಅದರಲ್ಲಿ ಎಡಭಾಗ ಬಲಗಡೆ ಯಾಕಿದೆ ಎಂದು ನಿಯಾಜ್ ಕೇಳಿದ್ದೇ ಇದಕ್ಕೆಲ್ಲ ಮೂಲ. ಆಂಟಿ ಹೃದಯವನ್ನು ತೊಳೆದು, ತಮ್ಮ ಎದೆಯ ಮುಂದೆ ಹಿಡಿದು, ತಲೆ ಬಗ್ಗಿಸಿ ನೋಡಿದರು. “ಪುಸ್ತಕದವರು ಎದುರು ನಿಂತವನದ್ದು ಬರೆದದ್ದು. ನೀವು ಯಾಕೆ ಇನ್ನೊಬ್ಬನ ಹೃದಯ ಬರೀತೀರಿ? ನಿಮ್ಮದೇ ಬರೀರಿ. ಆಗ ಎಡ ಎಡಕ್ಕೇ ಬರ್ತದೆ, ಮರೆಯುವ ಪ್ರಶ್ನೆಯೇ ಇಲ್ಲ” ಎಂದರು. ಆಮೇಲೆ ಅದನ್ನು ನನ್ನ ಕೈಗೆ ಕೊಟ್ಟರು. ಮೊಟ್ಟೆ ಹಾಕಿದ ಕೇಕನ್ನೂ ತಿನ್ನದ ಮನೆಯ ಹುಡುಗ ನಾನು. ಅದು ತಣ್ಣಗಿತ್ತು, ಅಂದುಕೊಂಡಿದ್ದಕ್ಕಿಂತ ಗಟ್ಟಿಯಾಗಿತ್ತು, ಎಡಗಡೆಯ ಗೋಡೆ ದಪ್ಪಗಿರುವುದು ಹೆಬ್ಬೆರಳಿಗೆ ತಿಳಿಯುತ್ತಿತ್ತು. ನಾನೂ ಎದೆಯ ಮುಂದೆ ಹಿಡಿದು ನೋಡಿದೆ. ಅಷ್ಟು ಸ್ಪಷ್ಟವಾಗಿ ನಾನು ಇನ್ನೇನನ್ನೂ ಕಲಿತಿಲ್ಲ, ಮುಂದೆ ಯಾವ ಲ್ಯಾಬಿನಲ್ಲೂ ಕಲಿಯಲಿಲ್ಲ.

ಪರೀಕ್ಷೆ ಗುರುವಾರ ಮುಗಿಯಿತು. ಉತ್ತರ ತಾಳೆ ನೋಡುವುದು ಸ್ಕೂಲ್ ಬಸ್ಸಿನ ಹಿಂದಿನ ಸೀಟಿನ ಪದ್ಧತಿ. ಪ್ರಶ್ನೆಪತ್ರಿಕೆ ಮಡಿಲಲ್ಲಿ ಹರಡಿಕೊಂಡು, ಒಂದನೇ ಪ್ರಶ್ನೆಯಿಂದ ಶುರು ಮಾಡಿ, ಯಾರ ಮುಖ ಯಾವ ಪ್ರಶ್ನೆಗೆ ಇಳಿಯುತ್ತದೆ ಎಂದು ನೋಡುವ ಸಣ್ಣ ಕ್ರೌರ್ಯ ಅದು. ಅವತ್ತು ಶುರು ಮಾಡಿದ್ದು ನಾನೇ ಎಂದು ನೆನಪು. ನಿಯಾಜ್ ಇರಬಹುದೇ ಎಂದು ಎಷ್ಟೋ ಸಲ ಯೋಚಿಸಿದ್ದೇನೆ, ಆದರೆ ಅವನಿಗೆ ಬಸ್ಸಿನಲ್ಲಿ ನಿದ್ದೆ ಮಾಡುವ ಅಭ್ಯಾಸ. ಬೆಂಗಳೂರಿನವಳಾದ ಪ್ರಿಯಾ ನಮ್ಮ ಪಕ್ಕದಲ್ಲಿದ್ದಳು.

“ಹಾರ್ಟ್ ಡಯಾಗ್ರಾಂ ಬರ್ದ್ಯಾ? ಲೆಫ್ಟ್ ವೆಂಟ್ರಿಕಲ್ ಯಾವ್ ಕಡೆ ಹಾಕ್ದೆ?” ಎಂದಳು.

“ಲೆಫ್ಟ್ ಅಂದ್ರೆ ಲೆಫ್ಟಲ್ಲೇ.” ನಾನು ಪ್ರಶ್ನೆಪತ್ರಿಕೆಯ ಹಿಂದೆ ಬರೆದೂ ತೋರಿಸಿದೆ.

“ಅಯ್ಯೋ ಪಾಪ. ಬುಕ್ಕಲ್ಲಿ ಆ ಕಡೆ ಇದೆ ಕಣೋ. ಫಸ್ಟ್ ರ‍್ಯಾಂಕಿಗೆ ಉಲ್ಟಾ ಹಾರ್ಟು.”

ನಿಯಾಜ್ ಕಣ್ಣು ಬಿಟ್ಟ. “ನನ್ನದೂ ಹಾಗೇ ಉಂಟು. ಬುಕ್ಕಿನವರದ್ದು ಎದುರಿನವನ ಹಾರ್ಟ್, ನಮ್ಮದು ನಮ್ಮದೇ.”

“ಇಬ್ರದ್ದೂ ಒಂದೇ ಉಲ್ಟಾ. ಜೆರಾಕ್ಸ್ ಅಂಗಡಿ ಇಟ್ಕೊಳಿ ಇಬ್ರೂ.”

ಇಡೀ ಹಿಂದಿನ ಸೀಟು ನಕ್ಕಿತು, ನಾವೂ ನಕ್ಕೆವು. ಮುಂದಿನ ಸೀಟಿನಲ್ಲಿ ಬಯಾಲಜಿ ಮಿಸ್ ಕೂತಿದ್ದರು. ಅವರು ತಿರುಗಿ ನೋಡಿದರು, ಎದ್ದು ಬಂದರು, ನನ್ನ ಪ್ರಶ್ನೆಪತ್ರಿಕೆಯನ್ನು ಕೇಳಿ ಪಡೆದರು. ಪರೀಕ್ಷೆಯಲ್ಲಿ ನಿಯಾಜ್ ನನ್ನ ಹಿಂದಿನ ಬೆಂಚಿನಲ್ಲಿ ಕೂತಿದ್ದ. ಅಷ್ಟೇ ಸಾಕಾಯಿತು. ಈಗ ನಾನೂ ಒಬ್ಬ ಅಪ್ಪ, ಟೀಚರುಗಳ ಕಷ್ಟ ಬಲ್ಲೆ, ಆದರೂ ಇವತ್ತಿಗೂ ಆ ಕ್ಷಣಕ್ಕೆ ನನ್ನ ರಕ್ತ ಕುದಿಯುತ್ತದೆ. ಒಂದೇ ತರಹದ ಎರಡು ಚಿತ್ರ ಕಂಡಾಗ, ಇವರಿಬ್ಬರೂ ಒಂದೇ ಕಡೆ ಕಲಿತಿರಬಹುದು ಎಂಬ ಯೋಚನೆ ಒಬ್ಬ ವಿಜ್ಞಾನದ ಟೀಚರಿಗೆ ಬರಲಿಲ್ಲ. ಚಿತ್ರ ತಪ್ಪೇ ಎಂದು ಒಂದು ಸಲ ತಿರುಗಿಸಿ ನೋಡುವ ಕುತೂಹಲವೂ ಬರಲಿಲ್ಲ. ಇಂಜಿನಿಯರನ ಮಗ ಬರೆದಿರುತ್ತಾನೆ, ಕೆಫೆಟೇರಿಯಾದವನ ಮಗ ನೋಡಿರುತ್ತಾನೆ, ಇಷ್ಟು ಮಾತ್ರ ತಕ್ಷಣ ಹೊಳೆಯಿತು.

ಆಂಟಿ ಸಂಜೆ ನಾವು ಮತ್ತೆ ಬರೆದು ತೋರಿಸಿದ ಚಿತ್ರ ನೋಡಿ, “ಸರಿಯೇ ಉಂಟಲ್ಲ. ಹಿಂದಿನಿಂದ ಕಂಡದ್ದು ಅಂತ ಅಡಿಯಲ್ಲಿ ಬರೀಲಿಕ್ಕೆ ಹೇಳ್ಬೇಕಿತ್ತು ನಾನು. ಅದು ನನ್ನ ತಪ್ಪು” ಎಂದರು. ಶುಕ್ರವಾರ, ಶನಿವಾರ ಅವರು ಮಂಕಾಗಿಯೇನೂ ಇರಲಿಲ್ಲ, ವಿವರಿಸಿದರೆ ಮುಗಿಯಿತು ಎಂದೇ ತಿಳಿದಿದ್ದರು. ಇಲ್ಲಿ ವಾರದ ಕೆಲಸ ಶುರುವಾಗುವುದು ಭಾನುವಾರ, ಅವತ್ತು ಎರಡು ಮನೆಯವರನ್ನೂ ಸ್ಕೂಲಿಗೆ ಕರೆಸಿದರು. ಅಪ್ಪ ರಜೆ ಹಾಕಿ ಬಂದರು. ಇಬ್ರಾಹಿಂ ಅಂಕಲ್‌ಗೆ ಅಂಗಡಿ ಬಿಡಲಾಗದೆ ಆಂಟಿ ಬಂದರು, ಕಪ್ಪು ಅಬಾಯ ಹಾಕಿ, ಕೈಯಲ್ಲಿ ಒಂದು ಬ್ಯಾಗು. ಬ್ಯಾಗಿನಲ್ಲಿ ಮುಚ್ಚಳದ ಸ್ಟೀಲ್ ಡಬ್ಬಿ. ಅದರಲ್ಲಿ ಏನಿತ್ತೆಂದು ನನಗೆ ಗೊತ್ತಿತ್ತು, ಇನ್ನೊಂದು ಆಡಿನ ಹೃದಯವೆಂದು ಬೆಳಿಗ್ಗೆ ಮೆಟ್ಟಿಲ ಮೇಲೆ ನಿಯಾಜ್ ಕಿವಿಯಲ್ಲಿ ಹೇಳಿದ್ದ. ಇದು ನಾನು ಆಮೇಲೆ ಕಟ್ಟಿಕೊಂಡದ್ದಲ್ಲವೆಂದು ಬಹುಪಾಲು ಖಾತ್ರಿಯಿದೆ.

ಸ್ಕೂಲಿನಲ್ಲಿ ನಮ್ಮ ವಿಭಾಗ ನೋಡಿಕೊಳ್ಳುವ ಸೂಪರ್‌ವೈಸರ್ ಅಪ್ಪನಿಗೆ ಕುರ್ಚಿ ತೋರಿಸಿದರು. ಆಂಟಿ ನಿಂತೇ ಇದ್ದರು. ಅವರ ಇಂಗ್ಲಿಷ್ ನಮ್ಮೆಲ್ಲರದ್ದಕ್ಕಿಂತ ಚೆನ್ನಾಗಿತ್ತು, ಆದರೂ ಸೂಪರ್‌ವೈಸರ್ ಅವರೊಡನೆ ಒಂದೊಂದೇ ಪದ ಬಿಡಿಸಿ, ಚಿಕ್ಕ ಮಕ್ಕಳಿಗೆ ಹೇಳುವಂತೆ ಮಾತಾಡಿದರು. ಚಿತ್ರ ತಪ್ಪಲ್ಲ, ಹೃದಯವನ್ನು ಹಿಂದಿನಿಂದ ನೋಡಿದರೆ ಹೀಗೇ ಕಾಣುತ್ತದೆ ಎಂದು ಆಂಟಿ ವಿವರಿಸಿದರು. ಸರಿ ತಪ್ಪಿನ ಪ್ರಶ್ನೆಯಲ್ಲ, ಇಬ್ಬರದೂ ಒಂದೇ ರೀತಿ ಹೇಗಾಯಿತು ಎನ್ನುವುದೇ ಪ್ರಶ್ನೆ ಎಂದರು ಮಿಸ್. ಇಬ್ಬರಿಗೂ ತಾನೇ ಕಲಿಸಿದ್ದು ಎಂದು ಆಂಟಿ ಹೇಳಿದಾಗ ಸೂಪರ್‌ವೈಸರ್ ನಕ್ಕಂತೆ ನೆನಪು. ನಿಯಾಜನನ್ನು ಹೊರಗೆ ನಿಲ್ಲಿಸಿದ್ದರು. ಆಂಟಿ ಬ್ಯಾಗಿನ ಮೇಲೆ ಕೈಯಿಟ್ಟು ನನ್ನ ಕಡೆ ತಿರುಗಿ ಕನ್ನಡದಲ್ಲಿ ಕೇಳಿದರು: “ನಾವು ಹೇಗೆ ನೋಡಿ ಕಲ್ತದ್ದು, ನೀನೇ ಹೇಳು ಮಗಾ.”

ಗಮನಿಸಿ, ಆಡಿನ ಹೃದಯ ಎಂದು ಅವರು ಹೇಳಲಿಲ್ಲ. ನನ್ನ ಅಪ್ಪ ಅಲ್ಲಿ ಕೂತಿದ್ದರು, ಅದಕ್ಕೇ ಹೇಳಲಿಲ್ಲ. ಹೇಳುವುದನ್ನು ನನಗೇ ಬಿಟ್ಟರು. ನಾನು ಅಪ್ಪನ ಮುಖ ನೋಡಿದೆ. “ಬುಕ್ ನೋಡಿ, ಆಂಟಿ” ಎಂದೆ.

ಅವರು ಬ್ಯಾಗಿನ ಮೇಲಿಂದ ಕೈ ತೆಗೆದರು. ಡಬ್ಬಿ ತೆರೆದಿದ್ದರೆ ನಾನು ಸುಳ್ಳುಗಾರನಾಗುತ್ತಿದ್ದೆ. ತೆರೆಯಲಿಲ್ಲ. ಪುಸ್ತಕ ನೋಡಿ ಕಲಿತವನು ಗಾಬರಿಯಲ್ಲಿ ಉಲ್ಟಾ ಬರೆದಿದ್ದಾನೆ, ಹಿಂದೆ ಕೂತವನು ಅದನ್ನೇ ಇಳಿಸಿದ್ದಾನೆ ಎಂದು ತೀರ್ಮಾನವಾಯಿತು. ಒಂದೇ ಚಿತ್ರಕ್ಕೆ ನನಗೆ ಐದು ಅಂಕ ಹೋಯಿತು, ನಿಯಾಜನಿಗೆ ಇಡೀ ಪತ್ರಿಕೆ ಸೊನ್ನೆ. ಇದಕ್ಕೆ ನ್ಯಾಯ ಎಂದು ಹೆಸರಿಟ್ಟು ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಂಡರು. ಮುಂದಿನ ವರ್ಷ ಅವನಿಗೆ ಸೈನ್ಸ್ ಸಿಗಲಿಲ್ಲ, ಕಾಮರ್ಸ್ ಓದಿದ. ಈಗ ಒಂದು ಶಿಪ್ಪಿಂಗ್ ಕಂಪನಿಯಲ್ಲಿದ್ದಾನೆ, ಚೆನ್ನಾಗಿಯೇ ಇದ್ದಾನೆ. ಚೆನ್ನಾಗಿದ್ದಾನಲ್ಲ, ಇನ್ನೇಕೆ ಆ ಮಾತು ಎಂದು ಯಾರಾದರೂ ಅಂದರೆ ನನಗೆ ಕೋಪ ಬರುತ್ತದೆ. ಆ ಅಡುಗೆಮನೆಯಲ್ಲಿ ಒಂದು ನಿರ್ಧಾರವಿತ್ತು, ಅದನ್ನು ಅರ್ಧ ಗಂಟೆಯಲ್ಲಿ ಮುರಿದು ಹಾಕಿದರು. ಮುರಿದವರಲ್ಲಿ ನಾನೂ ಒಬ್ಬ.

ಮತ್ತೆ ಆಂಟಿ ನನ್ನನ್ನು ಪಾಠಕ್ಕೆ ಕರೆಯಲಿಲ್ಲ. “ಖಲಾಸ್ ಮಗಾ, ಇನ್ನು ನಿನಗೆ ದೊಡ್ಡ ಪಾಠಗಳು, ನನಗೆ ಬರುವುದಿಲ್ಲ” ಎಂದರು, ನಗುತ್ತಲೇ. ಬಾಳೆಹಣ್ಣಿನ ಹಲ್ವ ಮಾಡಿದ ದಿನ ಬೇರೆ ಪಾತ್ರೆಯಲ್ಲಿ ಕೆಳಗೆ ಕಳಿಸುವುದನ್ನು ಮಾತ್ರ ನಿಲ್ಲಿಸಲಿಲ್ಲ. ವರ್ಷದೊಳಗೆ ಅಪ್ಪನಿಗೆ ಕಂಪನಿಯ ಕ್ವಾರ್ಟರ್ಸ್ ಸಿಕ್ಕಿ ನಾವು ಮೆಸಯೀದ್‌ಗೆ ಹೋದೆವು. ವಿಲ್ಲಾವನ್ನು ಆಮೇಲೆ ಕೆಡವಿದರು. ಆ ಜಾಗದಲ್ಲಿ ಈಗಿರುವ ಮನೆಗೆ ಎತ್ತರದ ಗೇಟು, ಒಳಗೆ ಮೆಟ್ಟಿಲು ಯಾವ ಕಡೆಗಿದೆಯೋ ತಿಳಿಯದು. ಹೋದ ವರ್ಷ ಮೈಸೂರಿನಲ್ಲಿರುವ ಅಪ್ಪನಿಗೆ ವಿಡಿಯೋ ಕಾಲ್‌ನಲ್ಲಿ ಆ ಡಬ್ಬಿಯ ವಿಷಯ ಕೇಳಿದೆ. “ಡಬ್ಬಿನಾ? ಖರ್ಜೂರ ತಂದಿದ್ರಪ್ಪ ಆಯಮ್ಮ. ಸೂಪರ್‌ವೈಸರ್‌ಗೆ ಕೊಟ್ಟು ಸರಿ ಮಾಡ್ಕೊಳ್ಳೋಣ ಅಂತ ಇರ್ಬೇಕು. ನೀನು ಪಾಪ ಹೆದರ್ಕೊಂಡು ಸುಮ್ನೇ ನಿಂತಿದ್ದೆ” ಎಂದರು. ನನ್ನ ಅಪ್ಪ, ಒಳ್ಳೆಯ ಮನುಷ್ಯ, ಇಷ್ಟು ವರ್ಷ ಜೊಹರಾ ಆಂಟಿ ಲಂಚ ಕೊಡಲು ಬಂದಿದ್ದರೆಂದು ನಂಬಿ ಬದುಕಿದ್ದರು. ಅವರನ್ನು ಬೈಯಬೇಕೆನಿಸಿತು. ಡಬ್ಬಿಯಲ್ಲಿದ್ದದ್ದನ್ನು ಆಗಲೂ ಹೇಳಲಾಗಲಿಲ್ಲ. ಫೋನಿಟ್ಟ ಮೇಲೆ, ನಾನು ಸುಮ್ಮನೆ ನಿಂತಿದ್ದೆ ಎಂಬ ಅವರ ಮಾತನ್ನು ಹಿಡಿದುಕೊಳ್ಳಲು ನೋಡಿದೆ. ಅದು ನಿಜವಾಗಿದ್ದರೆ ನನ್ನ ಪಾಲಿನ ತಪ್ಪು ಸ್ವಲ್ಪ ಹಗುರ. ಆದರೆ ಖರ್ಜೂರ ಎಂದು ತಿಳಿದವರ ಸಾಕ್ಷಿ ಎಷ್ಟು ಗಟ್ಟಿ?

ಹೋದ ಚಳಿಗಾಲದಲ್ಲಿ ಉಳ್ಳಾಲದಲ್ಲಿ ಆಂಟಿ ತೀರಿಕೊಂಡರು. ಮಣ್ಣು ಮಾಡಿ ಮರಳಿದ ನಿಯಾಜನನ್ನು ನೋಡಲು ಅಲ್ ವಕ್ರಾದ ಅವನ ಫ್ಲ್ಯಾಟಿಗೆ ಹೋದೆ. ಒಳಕೋಣೆಯಲ್ಲಿ ಹೆಂಗಸರು ಮೆಲ್ಲಗೆ ಕುರ್‌ಆನ್ ಓದುತ್ತಿದ್ದರು. ನಾವಿಬ್ಬರೂ ಬಾಲ್ಕನಿಯಲ್ಲಿ ಕೂತೆವು. ಅವನ ಹೆಂಡತಿ ಚಹಾ ತಂದಿಟ್ಟು ಹೋದರು. ಇವತ್ತು ಹೇಳಿಬಿಡಬೇಕು ಎಂದುಕೊಂಡೇ ಬಂದಿದ್ದೆ. ಅವನೇ ಮೊದಲು ಮಾತೆತ್ತಿದ.

“ಉಮ್ಮ ಕೊನೆಗೂ ನಿನ್ನನ್ನು ಕೇಳ್ತಿದ್ರು ಮಾರಾಯ. ಅವತ್ತು ಆಫೀಸಲ್ಲಿ ಅಪ್ಪನ ಎದುರೇ ಎಲ್ಲ ಹೇಳಿದ ಹುಡುಗ, ಸ್ಕೂಲಿನವರೇ ಕಿವಿಗೆ ಹಾಕ್ಕೊಳ್ಳಲಿಲ್ಲ ಅಂತ. ಎಷ್ಟು ಸಲ ಹೇಳಿದ್ದಾರೋ ನನಗೆ.”

“ಇಲ್ಲ ನಿಯಾಜ್” ಎಂದೆ. “ನಾನು ಹೇಳ್ಲಿಲ್ಲ.”

ಅವನು ಲೋಟ ಕೆಳಗಿಟ್ಟು ನನ್ನನ್ನು ನೋಡಿದ. ಸಿಟ್ಟಿರಲಿಲ್ಲ, ಅನುಮಾನವೂ ಇರಲಿಲ್ಲ. “ನಿನಗೆ ಮರ್ತಿರ್ಬೇಕು. ನಾವು ಸಣ್ಣವರಲ್ಲವಾ ಆಗ. ಉಮ್ಮನಿಗೆ ಸುಳ್ಳು ಹೇಳಿ ಅಭ್ಯಾಸ ಇಲ್ಲ.”

ಮಗ ಗೆಳೆಯನನ್ನು ಕಳೆದುಕೊಳ್ಳಬಾರದೆಂದು ಆ ತಾಯಿ ಇಷ್ಟು ವರ್ಷ ಆ ಮಾತನ್ನು ಬದಲಿಸದೆ ಕಾಪಾಡಿಕೊಂಡು ಬಂದಿದ್ದರು. ಅವರು ಹೋಗಿ ಹತ್ತು ದಿನವೂ ಆಗಿರಲಿಲ್ಲ. ನಾನು ನಿಜ ಹೇಳಿ ಹಗುರಾದರೆ, ಸುಳ್ಳುಗಾರರಾಗಿ ಉಳಿಯುವವರು ಅವರೇ. ಒಳಗೆ ಓದುವ ಸದ್ದು ನಿಂತಿತು, ಯಾರೋ ಹೆಂಗಸು ಸಣ್ಣಗೆ ಕೆಮ್ಮಿದರು, ಮತ್ತೆ ಓದು ಶುರುವಾಯಿತು. ನಿಯಾಜ್ ನನ್ನ ಲೋಟಕ್ಕೆ ಇನ್ನಷ್ಟು ಚಹಾ ಹಾಕಿದ.

“ಇರ್ಬಹುದು” ಎಂದೆ.