ಎಲ್ಲ ಬಿಟ್ಟೆವು, ಕುಂಕುಮ ಬಿಡಲಿಲ್ಲ

ಅಮ್ಮನ ಹಣೆಯ ಮೇಲೆ, ಸರಿಯಾಗಿ ಕುಂಕುಮ ಇಡುವ ಜಾಗದಲ್ಲೇ, ಒಂದು ಹುಣ್ಣಿತ್ತು. ಮೊದಲು ತುರಿಕೆ, ಆಮೇಲೆ ಕೆಂಪು, ಕೆರೆದರೆ ನೀರು ಒಸರುವುದು, ಒಣಗಿದರೆ ಕಪ್ಪು ಹಕ್ಕಳೆ. ತೊಂಬತ್ತರ ದಶಕದಲ್ಲಿ ನಾನು ಬೆಳೆದದ್ದೇ ಆ ಹುಣ್ಣನ್ನು ನೋಡಿಕೊಂಡು. ಶಂಕರಪುರದ ನಮ್ಮ ಬೀದಿಯಲ್ಲಿ ಅದಕ್ಕೆ ಮದ್ದು ಹೇಳದ ಹೆಂಗಸೇ ಇರಲಿಲ್ಲ. ಕಾರಣ ಮಾತ್ರ ಯಾರಿಗೂ ಕಾಣಲಿಲ್ಲ. ಹೇಗೆ ಕಂಡೀತು, ಎಲ್ಲರ ಹಣೆಯ ಮೇಲೂ ಅದೇ ಕುಂಕುಮ ಇತ್ತಲ್ಲ!

ಚರ್ಮದ ಡಾಕ್ಟರ ಟ್ಯೂಬು ಹಚ್ಚಿದಷ್ಟು ದಿನ ಅಡಗುತ್ತಿತ್ತು, ಬಿಟ್ಟರೆ ಮತ್ತೆ ಹಾಜರ್. ಕೊನೆಗೆ ಚಾಮರಾಜಪೇಟೆಯ ಒಬ್ಬ ಆಯುರ್ವೇದ ಪಂಡಿತರ ಬಳಿ ಹೋದೆವು. ಅಮ್ಮ, ನಾನು, ಬೇಡವೆಂದರೂ ಜೊತೆಗೆ ಅತ್ತೆ. ಅತ್ತೆ ಎಂದರೆ ಅಪ್ಪನ ಅಕ್ಕ. ಪಕ್ಕದ ರಸ್ತೆಯಲ್ಲಿದ್ದುಕೊಂಡೇ ನಮ್ಮ ಮನೆಯನ್ನು ಆಳುತ್ತಿದ್ದವರು. ಪಂಡಿತರು ಅಮ್ಮನ ನಾಡಿ ಹಿಡಿದರು, ನಾಲಿಗೆ ನೋಡಿದರು, ಹಣೆಯನ್ನು ಬೆಳಕಿಗೆ ತಿರುಗಿಸಿ ನೋಡಿದರು.

"ಪಿತ್ತ ಕೆರಳಿದೆ. ಹುಳಿ, ಖಾರ, ಬದನೆಕಾಯಿ, ರಾತ್ರಿ ಹೊತ್ತು ಮೊಸರು, ಎಲ್ಲ ಬಿಡಿ. ಸೊಗದೆ ಬೇರಿನ ಕಷಾಯ ಕೊಡ್ತೀನಿ. ಹಚ್ಚೋದಕ್ಕೆ ನೂರು ಸಲ ತೊಳೆದ ತುಪ್ಪ. ಆದ್ರೆ ತಾಯಿ, ಇದೆಲ್ಲ ಆಮೇಲೆ. ಕಾರಣ ಬಿಡೋದೇ ಮೊದಲ್ನೇ ಚಿಕಿತ್ಸೆ. ಕುಂಕುಮ ನಿಲ್ಲಿಸಿ. ಸ್ಟಿಕ್ಕರೂ ಬೇಡ, ಅದರ ಅಂಟು ಇನ್ನೂ ಕೆಟ್ಟದ್ದು. ವಾಸಿ ಆಗೋವರೆಗೂ ಹಣೆ ಖಾಲಿ ಇರ್ಲಿ."

ಅತ್ತೆ ಬೆಚ್ಚಿಬಿದ್ದರು. "ಮುತ್ತೈದೆ ಹಣೆ ಖಾಲಿ ಬಿಡೋದಾ?"

"ತಾಳಿಗೆ ಇಟ್ಕೊಳ್ಳಲಿ ಅಮ್ಮಾ, ದೇವರಿಗೆ ಗೊತ್ತಾಗುತ್ತೆ. ಬೆಂಕಿ ಮೇಲೆ ಕೈ ಇಟ್ಕೊಂಡೇ ಬೆಣ್ಣೆ ಹಚ್ಚಿದ್ರೆ ಏನು ಬಂತು?"

ಅವತ್ತೇ ಪಥ್ಯ ಶುರುವಾಯಿತು. ಅಮ್ಮನ ತಟ್ಟೆಯಿಂದ ಉಪ್ಪಿನಕಾಯಿ ಹೋಯಿತು, ಹುಣಿಸೆಹಣ್ಣಿನ ಸಾರು ಹೋಯಿತು, ಅವಳ ಪ್ರಾಣದಂತಿದ್ದ ವಾಂಗೀಬಾತೂ ಹೋಯಿತು. ತುಪ್ಪ ತೊಳೆಯುವ ಕೆಲಸ ನನ್ನದು. ತಾಮ್ರದ ತಟ್ಟೆಗೆ ತುಪ್ಪ ಹಾಕಿ, ನೀರು ಹೊಯ್ದು, ಅಂಗೈಯಲ್ಲಿ ಉಜ್ಜಿ, ಆ ನೀರು ಚೆಲ್ಲಿ ಮತ್ತೆ ಹೊಯ್ಯಬೇಕು. ತೋಳು ಬಿದ್ದುಹೋಗುವ ಹೊತ್ತಿಗೆ ತುಪ್ಪ ಬೆಣ್ಣೆಯ ಹಾಗೆ ಬೆಳ್ಳಗಾಗುತ್ತಿತ್ತು. ಹಚ್ಚಿದರೆ ಅಮ್ಮ ಕಣ್ಣು ಮುಚ್ಚಿ, "ಅಬ್ಬಾ, ತಣ್ಣಗಾಯ್ತು ಕಣೇ" ಎನ್ನುತ್ತಿದ್ದಳು. ಮಾರನೆಯ ಬೆಳಿಗ್ಗೆ ಸ್ನಾನ ಮುಗಿಸಿ ಬಂದು ಅದೇ ಜಾಗಕ್ಕೆ ಕುಂಕುಮ ಇಡುತ್ತಿದ್ದಳು.

ಯಾಕೆಂದರೆ ಅಪ್ಪನಿಗೆ ಬಿಪಿ ಇತ್ತು. ಅತ್ತೆಗೆ ಅಷ್ಟು ಸಾಕಾಯಿತು. "ಅವನಿಗೆ ಮೊದ್ಲೇ ಮೈ ಸರಿ ಇಲ್ಲ. ನೀನು ಬೋಳು ಹಣೇಲಿ ಓಡಾಡು, ನಾಳೆ ಏನಾದ್ರೂ ಆದ್ರೆ?" ಈ ಮಾತಿನ ಮುಂದೆ ಯಾವ ಪಂಡಿತ ನಿಂತಾನು! ಆಮೇಲೆ ಅವರೇ ನಗರ್ತಪೇಟೆಗೆ ಹೋಗಿ 'ಅಸಲಿ' ಕುಂಕುಮ ತಂದುಕೊಟ್ಟರು. ಹುಣ್ಣಿಗೆ ಅಸಲಿಯೂ ಒಂದೇ, ನಕಲಿಯೂ ಒಂದೇ. ಅಪ್ಪನನ್ನು ಕೇಳಿದರೆ ಪೇಪರಿನಿಂದ ತಲೆ ಎತ್ತದೆ, "ಹೆಂಗಸರ ವಿಷಯ, ನನ್ನನ್ಯಾಕೆ ಕೇಳ್ತೀರ" ಎಂದರು. ಆಯಸ್ಸು ಅವರದು, ಉರಿ ಅಮ್ಮನದು, ಅವರಿಗೆ ಮಾತ್ರ ಸಂಬಂಧವಿಲ್ಲ. ನೆನೆಸಿಕೊಂಡರೆ ಇವತ್ತಿಗೂ ನನಗೆ ಮೈಯೆಲ್ಲ ಉರಿಯುತ್ತದೆ.

"ನೀನಾದ್ರೂ ಧೈರ್ಯ ಮಾಡ್ಬಾರ್ದಾ?" ಎಂದು ಅಮ್ಮನ ಮೇಲೂ ರೇಗಿದೆ.

"ನಾನು ಕುಂಕುಮ ಬಿಟ್ಟು, ನಿಮ್ಮಪ್ಪಂಗೆ ಏನಾದ್ರೂ ಆದ್ರೆ, ಇವ್ರು ನನ್ನ ಬದುಕೋಕೆ ಬಿಡ್ತಾರೇನೇ?"

ಶ್ರಾವಣ ಬಂದರೆ ಇನ್ನೂ ಕಷ್ಟ. ಅರಿಶಿನ ಕುಂಕುಮಕ್ಕೆ ಮನೆಮನೆಯಿಂದ ಕರೆ. ಹೋಗದಿದ್ದರೆ ಜಂಬ ಎನ್ನುತ್ತಾರೆ, ಹೋದರೆ ಒಂದೊಂದು ಮನೆಯ ಕುಂಕುಮವೂ ಹುಣ್ಣಿನ ಮೇಲೆ. ಒಮ್ಮೆ ಎದುರುಮನೆ ಆಂಟಿಯ ಮುಂದೆ ಅಮ್ಮ ಹಣೆಗೆ ಕೈ ಅಡ್ಡ ಹಿಡಿದಳು. "ಹುಣ್ಣಾಗಿದೆ ರೀ, ಈ ಸಲ ಹಣೆಗೆ ಬೇಡ" ಎಂದು ಬೇಡಿಕೊಂಡಳು. ಆಂಟಿ ನಗುತ್ತಲೇ ಅವಳ ಕೈ ಸರಿಸಿ, "ಬಿಡ್ತು ಅನ್ನಿ! ಕುಂಕುಮ ಬೇಡ ಅಂತಾರೇನ್ರೀ? ಚೂರೇ ಚೂರು" ಎಂದು ಹಸಿ ಹುಣ್ಣಿಗೆ ಬೆರಳು ಒತ್ತಿದರು. ಅಮ್ಮನ ಕಣ್ಣಲ್ಲಿ ನೀರು ಬಂತು.

ಎರಡು ಸಾವಿರದ ಇಸವಿ ದಾಟಿದ ಮೇಲೆ, ಒಂದು ಬೆಳಿಗ್ಗೆ, ಅಪ್ಪ ಹೃದಯಾಘಾತದಿಂದ ಹೋದರು. ಒಂದು ದಿನವೂ ತಪ್ಪದೆ ಇಟ್ಟ ಕುಂಕುಮ ಏನನ್ನೂ ತಡೆಯಲಿಲ್ಲ. ಕರ್ಮದ ದಿನ ಅತ್ತೆಯೇ ಒದ್ದೆ ಬಟ್ಟೆ ತಂದು ಅಮ್ಮನ ಹಣೆ ಒರೆಸಿದರು. ವಾರಗಳು ಕಳೆದಂತೆ ಹುಣ್ಣು ಒಣಗಿತು, ಹಕ್ಕಳೆ ಉದುರಿತು, ಹೊಸ ಚರ್ಮ ಬಂತು.

"ನೋಡು, ಕಷಾಯ ಕೊನೆಗೂ ಹಿಡೀತು" ಎಂದರು ಅತ್ತೆ. ಕಷಾಯ ನಿಲ್ಲಿಸಿ ಎಷ್ಟೋ ಕಾಲವಾಗಿತ್ತು.

"ಕಷಾಯ ಅಲ್ಲ ಅತ್ತೆ! ಪಂಡಿತರು ಹೇಳಿದ್ದೇ ಇದನ್ನ. ಈ ಔಷಧಿ ಕೊಡೋಕೆ ಅಪ್ಪ ಸಾಯ್ಬೇಕಿತ್ತಾ?" ಎಂದು ಕಿರುಚಿದೆ. ಅತ್ತೆ ಕಿವಿ ಮುಚ್ಚಿಕೊಂಡರು.

ಅಪ್ಪನ ವರ್ಷಾಬ್ದಿಕ ಮುಗಿದ ಮೇಲೆ ಬಂದ ಶ್ರಾವಣದಲ್ಲಿ, ಎದುರುಮನೆ ಆಂಟಿ ಕುಂಕುಮದ ಭರಣಿ ಹಿಡಿದು ಕರೆಯಲು ಬಂದರು. ನನ್ನ ಹಣೆಗೆ ಇಟ್ಟು, "ಸಂಜೆ ಬಂದ್ಬಿಡಮ್ಮ" ಎಂದರು. ಅಮ್ಮ ನನ್ನ ಪಕ್ಕದಲ್ಲೇ ನಿಂತಿದ್ದಳು. ಅವಳ ಹಣೆಯ ಮೇಲೆ ಒಂದು ಕಲೆಯೂ ಉಳಿದಿರಲಿಲ್ಲ.

"ಅಮ್ಮಂಗೂ ಇಡಿ ಆಂಟಿ" ಎಂದೆ. "ಈಗ ವಾಸಿ ಆಗಿದೆ, ಉರಿಯಲ್ಲ."

"ಬಿಡ್ತು ಅನ್ನು!" ಎಂದರು ಆಂಟಿ. ಹಸಿ ಹುಣ್ಣಿಗೆ ಒತ್ತಿದ್ದ ಆ ಬೆರಳನ್ನು ಸೆರಗಿಗೆ ಒರೆಸಿಕೊಂಡು, ಭರಣಿಯ ಮುಚ್ಚಳ ಹಾಕಿದರು.